ಮೊಮ್ಮಗನ ಅಳತೆ

"ಗಿಟಾರು ಯಾರಿಗಮ್ಮಾ?" ಎಂದು ಅಂಗಡಿಯವನು ಕೇಳಿದ್ದೇ ತಡ, ದರ್ಜಿಯಮ್ಮನ ನಾಲಿಗೆ ಅವಳಿಗಿಂತ ಮುಂದೆ ಓಡಿಬಿಟ್ಟಿತು. "ಮೊಮ್ಮಗನಿಗಪ್ಪಾ. ಕರೆಂಟಿಗೆ ಹಾಕಿ ಬಾರಿಸ್ತಾರಲ್ಲ, ಅಂಥದ್ದು. ರಾಕ್ ಬಾರಿಸ್ಬೇಕಂತೆ ಅವನಿಗೆ. ಬೆಲೆ ಮಾತ್ರ ನಮ್ಮ ಕೈಗೆ ಎಟುಕೋ ಹಾಗಿರ್ಲಿ." ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಗಂಡ ಚಾವಣಿ ನೋಡತೊಡಗಿದ. ಅವರ ಒಬ್ಬನೇ ಮೊಮ್ಮಗ ಇನ್ನೂ ಅಂಬೆಗಾಲಿಡುವ ಕೂಸು. ಅದು ಈತನಕ ಬಾರಿಸಿದ್ದು ಊಟದ ತಟ್ಟೆಯೊಂದನ್ನೇ.

ಆಸೆ ಅವಳದೇ. ಅವಳ ಹೊಲಿಗೆ ಅಂಗಡಿಯ ಮಹಡಿಯ ಮೇಲೆ ನಾಲ್ಕಾರು ಹುಡುಗಿಯರು ಸೇರಿ ಸಂಜೆ ಹೊತ್ತು ಗುಡುಗಿಸುತ್ತಿದ್ದ ರಾಕ್ ಸಂಗೀತ ಮೊದಮೊದಲು ಬರೀ ತಲೆನೋವಾಗಿತ್ತು. ಬರಬರುತ್ತ ಮಿಷನ್ನಿನ ಮೇಲಿನ ಕಾಲು ತಾನಾಗಿಯೇ ಅದರ ತಾಳ ಹಿಡಿಯಿತು. ಒಂದು ಸಂಜೆ ಮಹಡಿಯಲ್ಲಿ ಸದ್ದಿಲ್ಲದಿದ್ದರೆ ಕೆಳಗೆ ಹೊಲಿಗೆ ಓಡುತ್ತಿರಲಿಲ್ಲ. ದೇವರು ಯಾರೆದೆಯಲ್ಲಿ ಯಾವ ಬೀಜ ಬಿತ್ತಿರುತ್ತಾನೋ, ಮೊಳಕೆಯೊಡೆದ ಮೇಲೇ ಗೊತ್ತಾಗುವುದು. ಗಂಡನ ಕಿವಿಯಲ್ಲಷ್ಟೇ ಈ ಆಸೆ ಹೇಳಿಕೊಂಡಿದ್ದಳು. ನರೆತ ತಲೆ ಹೊತ್ತು ಇಲ್ಲಿ, ಪರರ ಮುಂದೆ, 'ನನಗೇ ಬೇಕು' ಅನ್ನಲು ನಾಚಿಕೆ ಅಡ್ಡ ಬಂದಿತ್ತು.

ಅಂಗಡಿಯವನು ಕೆಂಪಗಿನ ಪುಟ್ಟ ಗಿಟಾರೊಂದನ್ನು ಇಳಿಸಿ ತಂದ. "ಮಕ್ಕಳಿಗೆ ಇದು ಸರಿ. ಕತ್ತು ಗಿಡ್ಡ, ಭಾರ ಇಲ್ಲ, ಬೆಲೆನೂ ಕಮ್ಮಿ." ಅವಳು ತೊಡೆಯ ಮೇಲಿಟ್ಟು ನೋಡಿದಳು. ಮಗುವಿನ ಅಂಗಿಗೆ ದೊಡ್ಡವರು ತೋಳು ತೂರಿಸಿದ ಹಾಗಾಯಿತು. ಸುಮ್ಮನಿದ್ದರೆ ಇದೇ ಮನೆಗೆ ಬರುತ್ತದೆ, ಗೋಡೆಯ ಮೊಳೆಗೆ ನೇತುಬೀಳುತ್ತದೆ. ಬಾಯಿ ಬಿಟ್ಟರೆ ನಗೆಪಾಟಲು.

"ಚೆನ್ನಾಗಿದೆ ಕಣೇ," ಎಂದ ಗಂಡ. "ತೊಟ್ಟಿಲಿಗೆ ಕಟ್ಟೋಕೆ ಹೇಳಿ ಮಾಡಿಸಿದ ಹಾಗಿದೆ."

"ನೀವು ಸುಮ್ನಿರ್ರೀ," ಎಂದು ಅವಳು ಪಿಸುದನಿಯಲ್ಲೇ ಗದರಿದಳು.

ಅವಳ ಮುಖ ಬಾಡಿದ್ದನ್ನು ಅಂಗಡಿಯವನು ಗಮನಿಸಿದ. "ಹುಡುಗ ಸ್ವಲ್ಪ ಉದ್ದ ಇದಾನಾ ಅಮ್ಮಾ? ಅಂದಾಜು ಅಳತೆ ಹೇಳಿದ್ರೆ ಅದಕ್ಕೆ ತಕ್ಕದ್ದು ತೋರಿಸ್ತೀನಿ."

ಕೇಳಬಾರದ್ದನ್ನು ಕೇಳಿದ್ದ. ಆಕೆ ಬೇರೆ ಯಾವ ಸುಳ್ಳಾದರೂ ಆಡಿಯಾಳು, ಅಳತೆಯಲ್ಲಿ ಸುಳ್ಳಾಡುವುದು ಮಾತ್ರ ಅವಳ ಜಾಯಮಾನದಲ್ಲೇ ಇರಲಿಲ್ಲ. ತಪ್ಪು ಅಳತೆಗೆ ಕತ್ತರಿ ಹಾಕಿದ ಬಟ್ಟೆಯನ್ನು ಬ್ರಹ್ಮ ಬಂದರೂ ಕೂಡಿಸಲಾರ. ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ನೆಟ್ಟಗೆ ಕೂತು ಒಂದೇ ಉಸಿರಿಗೆ ಒಪ್ಪಿಸಿದಳು: "ಭುಜ ಹದಿನಾಲ್ಕೂವರೆ, ತುಂಬುತೋಳು ಇಪ್ಪತ್ತೊಂದು, ಮಣಿಕಟ್ಟು ಆರೂವರೆ. ಸೊಂಟದ ಹತ್ರ ಸ್ವಲ್ಪ ಸಡಿಲ ಬಿಡಿ, ದಿನವಿಡೀ ಕೂತು ಮಾಡೋ ಕೆಲಸ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಂಡನಿಗೆ ಕೆಮ್ಮು ಬಂತು; ಅದು ಕೆಮ್ಮಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯವನು ಅವಳ ಭುಜ ನೋಡಿದ, ತೋಳು ನೋಡಿದ. ಆದರೆ ನಗಲಿಲ್ಲ.

"ಮೊಮ್ಮಗ ಒಳ್ಳೆ ಮೈಕಟ್ಟಿನವನು," ಎಂದ ಗಂಭೀರವಾಗಿ. "ಒಂದು ಕೆಲಸ ಮಾಡಿ. ಅವನ ಬದಲಿಗೆ ನೀವೇ ಹಿಡಿದು ನೋಡಿ."

ಪುಣ್ಯಾತ್ಮ ಬಾಗಿಲು ತೆರೆದೇ ಇಟ್ಟಿದ್ದ. ಆ ಸುಳ್ಳಿನ ಮರೆಯಲ್ಲೇ ಬೇಕಾದ್ದನ್ನು ಕೊಂಡು ಹೋಗಬಹುದಿತ್ತು. ಅವಳು ಕೆಂಪು ಗಿಟಾರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಬದಲಿಗೆ ಅಲ್ಲಪ್ಪಾ," ಎಂದಳು. "ಬೇಕಾಗಿರೋದು ನಂಗೇ."

"ಹಾಗೆ ಹೇಳಿ ಮತ್ತೆ!" ಅವನು ಉತ್ಸಾಹದಿಂದ ಎರಡು ಗಿಟಾರು ತಂದ. ಬೆಳ್ಳಿಯಂತೆ ಮಿರಿಮಿರಿ ಮಿಂಚುವುದಕ್ಕೆ ಅವಳು ಕೈಚಾಚಿದರೆ ತಲೆಯಾಡಿಸಿದ. "ಇದು ಮೈಗಿಂತ ಅಂಗಿ ಜೋರು ಅಮ್ಮಾ. ಸ್ವರ ನಡುಗಿಸೋಕೆ ಅಂತ ಈ ಹಿಡಿ ಇದೆಯಲ್ಲ, ಈ ಬೆಲೆಯದ್ದರಲ್ಲಿ ಇದನ್ನ ಅಲುಗಿಸಿದಷ್ಟೂ ಶ್ರುತಿ ಜಾರುತ್ತೆ. ಈ ಕಪ್ಪು ಬಣ್ಣದ್ದು ಒಬ್ಬರು ಬಳಸಿ ಬಿಟ್ಟದ್ದು. ತಂತಿ ಬಿಗಿದ ಕಡೆ ಅಲುಗಾಡೋದೇ ಇಲ್ಲ. ಇಲ್ಲಿ ಕೆಳಗೆ ತಂತಿಯ ದನಿ ಹಿಡಿಯೋ ದಪ್ಪ ಪಿಕಪ್ ಇದೆ ನೋಡಿ, ರಾಕಿನ ಒರಟು ದನಿ ಬರೋದು ಇಲ್ಲಿಂದಾನೇ. ಉಳಿದ ದುಡ್ಡಲ್ಲಿ ದನಿ ಜೋರು ಮಾಡೋ ಸಣ್ಣದೊಂದು ಆಂಪೂ ಬರುತ್ತೆ."

ಅವಳು ಕಪ್ಪು ಗಿಟಾರಿನ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹೊಲಿಗೆ ನೇರ ಬಂದಿದೆಯೇ ಎಂದು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು. ಸೊಟ್ಟಗಿರಲಿಲ್ಲ. ಬೆನ್ನ ಮೇಲಿನ ಗೀರನ್ನು ಸವರಿ, "ಇರ್ಲಿ, ಒಳಮೈ ಯಾರು ನೋಡ್ತಾರೆ?" ಎಂದಳು. ಮೊಣಕೈ ಅದರ ಮೇಲೆ, ತನ್ನ ಮನೆಯ ಕಿಟಕಿಕಟ್ಟೆಯ ಮೇಲೆ ಕೂತ ಹಾಗೆ ಕೂತಿತು.

ಅಂಗಡಿಯವನು ಆಂಪಿಗೆ ವೈರು ಸಿಕ್ಕಿಸಿ, ಎರಡು ಬೆರಳು ಎಲ್ಲಿ ಒತ್ತಬೇಕೆಂದು ತೋರಿಸಿದ. "ಮೇಲಿಂದ ಕೆಳಕ್ಕೆ, ಒಂದೇ ಏಟು. ಹೆದರ್ಬೇಡಿ." ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕುವ ಮುನ್ನ ನೆನೆಯುವಂತೆ ಅವಳು ದೇವರನ್ನು ನೆನೆದಳು. ಬಾರಿಸಿದಳು.

ಗಾಜಿನ ಕಪಾಟುಗಳು ಝಲ್ಲೆಂದವು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವಳು ಗಾಬರಿಯಾಗಿ ತಂತಿಗಳನ್ನು ಅಂಗೈಯಿಂದ ಅದುಮಿ ಗಂಡನತ್ತ ನೋಡಿದಳು. ಆತ ಪ್ರಾರ್ಥನೆಗೆ ಕೂತವನಂತೆ ಕಣ್ಣು ಮುಚ್ಚಿದ್ದ.

"ಜಾಸ್ತಿ ಆಯ್ತೇನ್ರೀ?"

"ಇಷ್ಟು ವರ್ಷದ ಸಂಸಾರದಲ್ಲಿ ನೀನು ಒಂದ್ಸಲಾನೂ ದನಿ ಎತ್ತಿದ್ದು ಕೇಳಿರ್ಲಿಲ್ಲ ಕಣೇ," ಎಂದು ಆತ ಸ್ಟೂಲನ್ನು ಆಂಪಿನ ಹತ್ತಿರಕ್ಕೆ ಎಳೆದುಕೊಂಡ. "ಕೈ ತೆಗಿ. ಪೂರ್ತಿ ಹೇಳು."