ಬಳ್ಳಿಗೆ ಬೆನ್ನು ಹಾಕಿದ ಅಜ್ಜಿ

ಬ್ರಿಟಿಷ್ ದೊರೆಯೊಬ್ಬ ನಮ್ಮ ಬೆಟ್ಟದ ಜನರ ಬಗ್ಗೆ ಬರೆದ ಹಳೆಯ ಪುಸ್ತಕ ಈಗ ಮತ್ತೆ ಅಚ್ಚಾಗಿ ಭರ್ಜರಿಯಾಗಿ ಖರ್ಚಾಗುತ್ತಿದೆ. ಈ ಹೊಸ ಅಚ್ಚಿನ ಮುಖಪುಟದಲ್ಲಿ ಮೆಣಸಿನ ಬಳ್ಳಿಗೆ ಬೆನ್ನು ಹಾಕಿ, ಬಾಯಿ ತೆರೆದು ನಿಂತಿರುವವಳು ನನ್ನ ಅಜ್ಜಿ. ಆ ಫೋಟೊದ ಕೆಳಗೆ ‘ಬಳ್ಳಿಗೆ ಪ್ರಾರ್ಥನೆ’ ಎಂದಿರುವುದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಫೋಟೊ ತೆಗೆದ ದಿನ ಮಧ್ಯಾಹ್ನ ಹೆತ್ತೂರಿನ ನಮ್ಮ ಅಂಗಳದಲ್ಲಿ ಅಜ್ಜಿ ಚಾಪೆಯ ಮೇಲೆ ಮೆಣಸು ತುಳಿಯುತ್ತಿದ್ದಳು. ನಾನು ತೊಟ್ಟು ಆರಿಸುತ್ತಿದ್ದೆ. ಹಸಿ ಘಾಟಿಗೆ ಇಬ್ಬರೂ ಸೀನುತ್ತಿದ್ದೆವು. ಆಗ ಪಟ್ಟಣದ ಸಂಶೋಧಕನೊಬ್ಬ ಆ ಪುಸ್ತಕದ ಹಳೆಯ ಪ್ರತಿ ಹಿಡಿದುಕೊಂಡು ಬಂದ. ಮೆಣಸು ಕೊಯ್ಯುವ ಮೊದಲು ನಮ್ಮವರು ಬಳ್ಳಿಗೆ ಬೆನ್ನು ಹಾಕಿ ಮೂರು ಸಲ ಕೂಗುತ್ತಾರೆಂದು ಅದರಲ್ಲಿತ್ತಂತೆ.

“ಅಂಥ ಸಾಸ್ತ್ರ ನಮ್ಮಲ್ಲಿಲ್ಲ ಕಣಪ್ಪ,” ಎಂದಳು ಅಜ್ಜಿ. “ಆ ದೊರೆ ಕಾಟ ತಡೀಲಾರ್ದೆ ನಮ್ಮಜ್ಜ ಬಾಯಿಗೆ ಬಂದಿದ್ದು ಹೇಳಿ ಸಾಗಾಕ್ಬುಟ್ರಂತೆ.”

“ಪುಸ್ತಕದಲ್ಲೇ ಇದೆಯಲ್ಲ ಅಜ್ಜಿ, ನಿಮಗೆ ಮರೆತುಹೋಗಿದೆ. ಒಂದು ಫೋಟೊಗೆ ಮಾಡಿ ತೋರಿಸಿ ಸಾಕು,” ಎಂದು ಅವನು ಪಟ್ಟು ಹಿಡಿದ.

ಎಷ್ಟು ಹೇಳಿದರೂ ಕೇಳಲಿಲ್ಲ. ತುಳಿದ ಮೆಣಸನ್ನು ಬಿಸಿಲಿಗೆ ಹರಡುವುದು ಹಾಗೇ ಉಳಿದಿತ್ತು. ಕೊನೆಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಅಂಗಳದಂಚಿನ ಬಳ್ಳಿಗೆ ಬೆನ್ನು ಹಾಕಿ ನಿಂತು, ಗಂಟಲು ಹರಿಯುವಂತೆ ಕೂಗಿದಳು. ಮೂರು ಸಲವೂ ಒಂದೇ ಮಾತು:

“ಸಕಲೇಶಪುರದ ಬಸ್ಸು ಬರೋ ಹೊತ್ತಾಯ್ತು, ಹೊರಡೋ ಮಾರಾಯ!”