ಪೂರ್ತಿ ಭಾರ

ಹೊಸ ರೈಲು ಮೇಲ್ಸೇತುವೆಯ ಭಾರ ಪರೀಕ್ಷೆ. ಪ್ರಯಾಣಿಕರ ಬದಲು ಬೋಗಿಗಳಲ್ಲಿ ಮರಳು ಮೂಟೆ ಹೇರಿದ್ದರು. ಮೂಟೆ ಹೊತ್ತ ಹೆಂಗಸರು ಬೆವರು ಒರೆಸಿಕೊಳ್ಳುತ್ತ ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದರು. ಈ ಸೇತುವೆಗೆ ಕಾಂಕ್ರೀಟ್ ಹೊತ್ತವರೂ ಅವರೇ.

"ಸಾಹೇಬ್ರ, ಒಂದ್ ಸಲ ನಾವೂ ಕುಂತು ಬರ್ತೀವ್ರಿ," ಎಂದಳು ಹುಲಿಗೆಮ್ಮ.

"ತಲೆ ಕೆಟ್ಟಿದೆಯಾ?" ಎಂಜಿನಿಯರ್ ರೇಗಿದ. "ಹೊಸ ಡ್ರೈವರ್‌ಗೆ ಇವತ್ತಿನ್ನೂ ಟ್ರೈನಿಂಗ್. ಪರೀಕ್ಷೆ ಪಾಸಾಗೋವರೆಗೆ ಅವನನ್ನ ಬಿಟ್ಟು ಒಂದು ನರಪಿಳ್ಳೆಯೂ ಹತ್ತೋ ಹಾಗಿಲ್ಲ!"

"ಮರಳು ಹತ್ತಬಹುದು, ನಾವು ಹತ್ತಬಾರದೇನ್ರಿ?"

"ಮರಳು ಸತ್ರೆ ಯಾರೂ ಕೇಳಲ್ಲ ಕಣಮ್ಮ! ನೀವು ಸತ್ರೆ ನಾನು ಜೈಲಿಗೆ ಹೋಗ್ಬೇಕು. ನಡಿ ಆಚೆ!"

"ನಿನ್ನ ರೈಲಿಗಿಷ್ಟು ಬೆಂಕಿ ಹಚ್ಚ!" ಹುಲಿಗೆಮ್ಮ ಸೆರಗು ಕೊಡವಿ ತಿರುಗಿದಳು.

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. "ಸಾರ್, ಕೊನೇ ಬೋಗಿಗೆ ಮೂಟೆ ಸಾಲ್ತಿಲ್ಲ. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಿದೆ."

ಎಂಜಿನಿಯರ್ ವಾಚು ನೋಡಿದ. ಹೆಂಗಸರನ್ನು ನೋಡಿದ.

"ಏಯ್, ಬನ್ನಿ ಎಲ್ಲ! ಬೇಗ ಹತ್ತಿ ಕೂತ್ಕೊಳ್ಳಿ!"

ಹುಲಿಗೆಮ್ಮ ಮುನಿಸು ಮರೆತು ಕಿಟಕಿ ಪಕ್ಕದ ಸೀಟು ಹಿಡಿದಳು. ಬಾಗಿಲು ಮುಚ್ಚಿತು. ಎಂಜಿನಿಯರ್ ಮೇಲಧಿಕಾರಿಗೆ ಫೋನ್ ಮಾಡಿದ.

"ಭಾರ ಪೂರ್ತಿ ಇದೆ ಸಾರ್. ಡ್ರೈವರ್‌ನ ಬಿಟ್ರೆ ಒಳಗೆ ಮನುಷ್ಯರು ಯಾರೂ ಇಲ್ಲ."