ಹೆಸರು ಕರೆದಾಗ

ಯುದ್ಧಕ್ಕೆ ಹೆದರಿ ಕಡಲು ದಾಟಿ ಬಂದ ಆ ತರುಣನ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ. ಸೆವ್ರಿನ್ ಬಾಯಿ ಪೆಟ್ಟಿಗೆಯ ತಳದಿಂದ ಮಗ ಇನಾಸನ ಜ್ಞಾನಸ್ನಾನದ ಚೀಟಿ ತೆಗೆದು ಅವನ ಕೈಗಿಟ್ಟಳು. ಇನಾಸ ಮೀನಿಗೆ ಹೋಗಿ ಕಡಲಪಾಲಾಗಿ ಹತ್ತು ವರ್ಷವಾಗಿತ್ತು. ಹೆಣ ಸಿಗದ್ದರಿಂದ ಸರಕಾರದ ಪಾಲಿಗೆ ಅವನಿನ್ನೂ ಬದುಕಿದ್ದ.

"ಪರದೇಶಿಗೆ ಬಾಗಿಲು ಹಾಕಿದ ಮೇಲೆ ಕುತ್ತಿಗೆಗೆ ಶಿಲುಬೆ ಹಾಕ್ಕೊಂಡು ಎಂತ ಪ್ರಯೋಜನ?" ಎಂದಳು. "ಇವತ್ತಿಂದ ನೀನೇ ಇನಾಸ. ಹೆಸರು ಕರೆದ ಕೂಡಲೇ ಎದ್ದು ನಿಂತು 'ಇದ್ದೇನೆ' ಅನ್ನಬೇಕು. ಗೊತ್ತಾಯ್ತಾ ಮಗ?"

ಮೂರು ತಿಂಗಳು ಅದೇ ಪಾಠ. ಬಾವಿಕಟ್ಟೆಯಿಂದ ಕರೆದಳು, ಒಲೆಯ ಮುಂದಿನಿಂದ ಕರೆದಳು. ಹತ್ತು ವರ್ಷ ಯಾರೂ ಓಗೊಡದ ಹೆಸರಿಗೆ ಉತ್ತರ ಬಂದಾಗಲೆಲ್ಲ ಅವಳ ಮೈ ಜುಮ್ಮೆನ್ನುತ್ತಿತ್ತು. ಊರವರು ತಿಳಿದೂ ಸುಮ್ಮನಿದ್ದರು.

ಇನ್ಸ್‌ಪೆಕ್ಟರಿಗೆ ಮಾತ್ರ ಸಂಶಯ. "ಚೀಟಿ ಏನೋ ಸರಿ ಉಂಟು ಬಾಯಮ್ಮ. ಇಗರ್ಜಿಯಲ್ಲಿ ಇವನನ್ನು ಏನಂತ ಕರೀತಾರೆ, ನಾನೇ ಬಂದು ನೋಡ್ತೇನೆ."

ಅವರು ಬಂದು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತದ್ದು ಸತ್ತವರ ದಿನದಂದು. ಹತ್ತು ವರ್ಷದಲ್ಲಿ ಮೊದಲ ಸಲ ಸೆವ್ರಿನ್ ಬಾಯಿ ಸತ್ತ ಮಗನಿಗೆಂದು ಮೇಣದಬತ್ತಿ ತರುವುದನ್ನು ಮರೆತಿದ್ದಳು. ಊರಿಗೆ ಹೊಸಬರಾದ ಪಾದ್ರಿ, ತೀರಿಕೊಂಡವರ ಹಳೆಯ ಪಟ್ಟಿ ಬಿಡಿಸಿ ಒಂದೊಂದೇ ಹೆಸರು ಓದತೊಡಗಿದರು. ಆ ಪಟ್ಟಿಗೆ ತಾನೇ ಬರೆಸಿದ್ದ ಹೆಸರು ಅವಳಿಗೆ ಆಗ ನೆನಪಾಯಿತು. ಪಕ್ಕದಲ್ಲಿದ್ದವನ ತೋಳು ಹಿಡಿಯಲು ಕೈ ಚಾಚಿದಳು.

"ಸೆವ್ರಿನ್ ಬಾಯಿಯ ಮಗ, ಇನಾಸ," ಎಂದರು ಪಾದ್ರಿ.

"ಇದ್ದೇನೆ," ಎಂದು ಅವನು ಎದ್ದು ನಿಂತ.